ಮೂರು ಸೇರಿನ ಲಾನು

ಆನಿ: ಮೂರು ಸೇರು. ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲಿಕ್ಕೆ ಎಂತ ಉಂಟು?

ಮ್ಯಾಥ್ಯೂ: ನಾನು ಕೇಳಿದ್ದು ಹುಲ್ಲಿನ ಬೀಜ ಎಷ್ಟು ಬೇಕು ಅಂತ. ನೀನು ಹೇಳುವುದು ಗದ್ದೆಯ ಹೆಸರು.

ಆನಿ: ಗದ್ದೆಯ ಹೆಸರೇ ಲೆಕ್ಕ. ನಿಮ್ಮ ಅಮ್ಮ ಇದನ್ನು ಎಂತ ಹೇಳಿ ಕರೆಯುತ್ತಿದ್ದರು? ಐದು ಸೇರಿನ ಗದ್ದೆ. ಐದು ಸೇರು ಬಿತ್ತಿದರೆ ತುಂಬುತ್ತದೆ, ಅದಕ್ಕೇ ಆ ಹೆಸರು. ಎರಡು ಸೇರಿನಷ್ಟನ್ನು ನಿಮ್ಮ ಹೊಸ ಮನೆ ತಿಂದಿತು. ಉಳಿದದ್ದು ಮೂರು.

ಮ್ಯಾಥ್ಯೂ: ಅದು ಭತ್ತಕ್ಕೆ ಮಾರಾಯ್ತಿ. ಇದು ಲಾನ್.

ಆನಿ: ಅದೆಲ್ಲ ನೆಲಕ್ಕೆ ಗೊತ್ತಾಗುತ್ತದಾ? ಅದರ ಹೊಟ್ಟೆ ಮೂರು ಸೇರಿನದ್ದು. ನೀವು ಭತ್ತ ಹಾಕಿ, ಹುಲ್ಲು ಹಾಕಿ, ಸಾಸಿವೆ ಹಾಕಿ.

ಮ್ಯಾಥ್ಯೂ: ಕುವೈತಿನಲ್ಲಿ ಹೀಗೆ ಹೇಳಿದರೆ ನಗುತ್ತಾರೆ.

ಆನಿ: ಕುವೈತಿನಲ್ಲಿ ಗದ್ದೆ ಇದ್ದರೆ ಅಲ್ವಾ ನಗುವುದು?

ಮ್ಯಾಥ್ಯೂ ಮತ್ತೆ ಲೆಕ್ಕಕ್ಕೆ ತಿರುಗಿದ. ಶಿರ್ವದ ಆ ಹೊಸ ಮನೆಯ ಮಾರ್ಬಲ್ ಮೆಟ್ಟಿಲಿನ ಮೇಲೆ ಪ್ಯಾಂಟು ಮಡಚಿಕೊಂಡು ಕೂತಿದ್ದ ಅವನ ತೊಡೆಯ ಮೇಲೆ ಅಳತೆ ಟೇಪು, ಕೈಯಲ್ಲಿ ಫೋನು, ಫೋನಿನಲ್ಲಿ ಕ್ಯಾಲ್ಕುಲೇಟರು. ಎದುರಿಗೆ ಜೆಸಿಬಿ ಬಂದು ಗದ್ದೆಯಂಚಿನ ಹುಣಿ ಮುರಿದು ಮಟ್ಟ ಮಾಡಿ ಹೋದ ಕೆಂಪು ಅಂಗಳ. ಕಳೆದ ಮಳೆಗಾಲದವರೆಗೂ ಅಲ್ಲಿ ಭತ್ತ ಬೆಳೆಯುತ್ತಿತ್ತು. ಜೆಸಿಬಿ ಬಂದ ದಿನ ಆನಿ ಗಲಾಟೆಯನ್ನೇನೂ ಮಾಡಲಿಲ್ಲ, ರಾತ್ರಿಯ ಗಂಜಿಗೆ ಉಪ್ಪು ಹಾಕಲಿಲ್ಲ ಅಷ್ಟೆ. ಮ್ಯಾಥ್ಯೂ ಅದನ್ನು ತುಟಿ ಪಿಟಕ್ಕೆನ್ನದೆ ಕುಡಿದಿದ್ದ.

ಲಾನಿನ ಹುಚ್ಚು ಅವನಿಗೆ ತಾನಾಗಿ ಹಿಡಿದದ್ದಲ್ಲ, ಹಿಡಿಸಿದ್ದು ಷಡ್ಡಕ ಕಾರ್ಲ್. ಆನಿಯ ತಂಗಿ ಶರೋನಳ ಗಂಡ. ಮಣಿಪಾಲದಲ್ಲಿ ಮನೆ, ಮನೆಯ ಎದುರು ಲಾನು. ಬೆಳಗಾದರೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಆ ಲಾನಿನ ಫೋಟೋ ಬೀಳಬೇಕು, ಒಂದು ದಿನ ಇಬ್ಬನಿಯೊಂದಿಗೆ, ಇನ್ನೊಂದು ದಿನ ನಾಯಿಯೊಂದಿಗೆ. ಈಸ್ಟರಿನ ಊಟಕ್ಕೆ ಎಲ್ಲರೂ ಸೇರಿದಾಗ ಕಾರ್ಲ್ ಹಂದಿ ಮಾಂಸದ ತುಂಡನ್ನು ಜಗಿಯುತ್ತಾ, ಲಾನ್ ಮಾಡಲಿಕ್ಕೆ ಜಾಗ ಇದ್ದರೆ ಸಾಲದು, ಸ್ವಲ್ಪ ಬುದ್ಧಿಯೂ ಬೇಕು ಎಂದುಬಿಟ್ಟ. ಮ್ಯಾಥ್ಯೂಗೆ ನೆತ್ತಿಗೇರಿತು. ಸೆಪ್ಟೆಂಬರಿನಲ್ಲಿ ಹೊಸ ತೆನೆಯ ಮೊಂತಿ ಹಬ್ಬ ಬರುತ್ತದಲ್ಲ, ಆ ದಿನ ನನ್ನ ಮನೆಯಲ್ಲಿ ಲಾನ್ ಇಲ್ಲದಿದ್ದರೆ ಇನ್ನು ಸಾಯುವವರೆಗೆ ಕುವೈತಿನ ಹೆಸರು ಎತ್ತುವುದಿಲ್ಲ ಎಂದು ಶಪಥ ಮಾಡಿದ. ಮೇಜಿನ ಸುತ್ತ ಕೂತವರೆಲ್ಲ ಚಮಚ ಕೆಳಗಿಟ್ಟರು.

ಯಾಕೆಂದರೆ ಮ್ಯಾಥ್ಯೂ ಮೂವತ್ತು ವರ್ಷ ಕುವೈತಿನಲ್ಲಿದ್ದವನು. ದೋಸೆ ಸೀದರೂ, ಬಸ್ಸು ತಡವಾದರೂ, ಯಾರಾದರೂ ತೀರಿಕೊಂಡರೂ ಅವನ ಮಾತು ‘ಕುವೈತಿನಲ್ಲಿ’ ಎಂದೇ ಶುರುವಾಗಬೇಕು. ಆ ಒಂದು ಶಬ್ದವನ್ನು ಕಿತ್ತುಕೊಂಡರೆ ಅವನ ಬಾಯಲ್ಲಿ ಉಳಿಯುವುದು ಹಲ್ಲು ಮಾತ್ರ. ಅಂಥದ್ದನ್ನು ಪಣಕ್ಕಿಟ್ಟು ಬಂದವನಿಗೆ ಈಗ ಬೀಜದ ಲೆಕ್ಕವೇ ಬಗೆಹರಿದಿರಲಿಲ್ಲ.

ಆನಿ: ಒಂದು ಕೇಳುತ್ತೇನೆ. ಮೊಂತಿ ಹಬ್ಬಕ್ಕೆ ಲಾನ್ ಬರುತ್ತದೆ, ಸರಿ. ತೆನೆ ಎಲ್ಲಿಂದ ಬರುತ್ತದೆ?

ಮ್ಯಾಥ್ಯೂ: ಹೆಬ್ರಿಯಿಂದ ತರಿಸುವ. ಈಗ ಎಲ್ಲರೂ ತರಿಸುವುದೇ.

ಆನಿ: ಹೆಬ್ರಿಯ ತೆನೆಗೆ ಹೆಬ್ರಿಯವರು ದೇವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಾವು ಯಾರಿಗೆ ಹೇಳುವುದು, ಬಸ್ಸಿನ ಕಂಡಕ್ಟರಿಗಾ?

ಮ್ಯಾಥ್ಯೂ: ದೇವರಿಗೆ ಎಲ್ಲ ಊರೂ ಒಂದೇ.

ಆನಿ: ನಿಮ್ಮ ಅಮ್ಮನಿಗೆ ಒಂದೇ ಆಗಿರಲಿಲ್ಲ. ಹೊಸ ಬೆಳೆಯ ಮೊದಲ ಕಟ್ಟನ್ನು ಅವರೇ ತಲೆಯ ಮೇಲೆ ಹೊತ್ತು ಇಗರ್ಜಿಗೆ ಹೋಗುತ್ತಿದ್ದರು. ಅವರ ನಂತರ ನಾನು ಹೊತ್ತೆ. ಈ ವರ್ಷ ಎಂತ ಹೊರುವುದು? ನಿಮ್ಮ ಲಾನನ್ನು ಚಾಪೆಯ ಹಾಗೆ ಸುತ್ತಿ ಹೊರುವುದಾ?

ಮ್ಯಾಥ್ಯೂ ಟೇಪನ್ನು ಸುರುಳಿ ಸುತ್ತಿ ಎದ್ದ. ತನ್ನ ಲೆಕ್ಕ ಹನ್ನೊಂದು ಕಿಲೋ ಹೇಳುತ್ತದೆ, ಕುವೈತಿನಲ್ಲಿ ಸ್ಟೋರ್ ನೋಡಿಕೊಂಡವನಿಗೆ ಲೆಕ್ಕ ತಪ್ಪುವುದಿಲ್ಲ ಎಂದ. ಇನ್ನೂ ಒಂದು ವಿಷಯ, ಲಾನ್ ಬಂದ ಮೇಲೆ ಕೋಳಿಗಳು ಮುಂದಿನ ಅಂಗಳಕ್ಕೆ ಕಾಲಿಡಬಾರದು, ಅವುಗಳನ್ನು ಮನೆಯ ಹಿಂದಿನ ಇಳಿಜಾರು ದರೆಯ ಬದಿಗೆ ಅಟ್ಟಬೇಕು ಎಂದೂ ಹೇಳಿದ. ಆ ಬದಿಗೆ ತಾನಂತೂ ಹೋಗುವವನಲ್ಲ. ಒಮ್ಮೆ ಹುಂಜ ಅಟ್ಟಿಸಿಕೊಂಡು ಬಂದು ಲುಂಗಿಗೆ ಕುಕ್ಕಿದ ಮೇಲೆ ಆ ದಿಕ್ಕನ್ನೇ ಅವನು ಬಿಟ್ಟುಕೊಟ್ಟಿದ್ದ. ಆನಿ ಈ ಮಾತಿಗೆ ಮಾತ್ರ ಜಗಳ ತೆಗೆಯದೆ ಒಪ್ಪಿಕೊಂಡಳು.

ಬೀಜ ತರಲು ಇಬ್ಬರೂ ಕಾರ್ಕಳಕ್ಕೆ ಹೋದರು. ಹತ್ತಿರದ ಉಡುಪಿ ಬಿಟ್ಟು ಕಾರ್ಕಳ ಯಾಕೆಂದರೆ, ಉಡುಪಿಯಲ್ಲೂ ಮಣಿಪಾಲದಲ್ಲೂ ಕಾರ್ಲನಿಗೆ ಗೊತ್ತಿಲ್ಲದ ಅಂಗಡಿಯಿಲ್ಲ. ಮ್ಯಾಥ್ಯೂ ಹುಲ್ಲಿನ ಬೀಜಕ್ಕೆ ಅಲೆಯುತ್ತಿದ್ದಾನೆ ಎಂಬ ಸುದ್ದಿ ಬೀಜಕ್ಕಿಂತ ಮೊದಲು ಮೊಳೆತೀತು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹಿಂದೆ, ಎಲ್ಲರೂ ಪುತ್ತುಬ್ಬಾಕ ಎಂದು ಕರೆಯುವ ಪುತ್ತುಬ್ಬ ಬ್ಯಾರಿಗಳ ಬೀಜ ಗೊಬ್ಬರದ ಅಂಗಡಿ. ಬಿಳಿ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ಗಿರಾಕಿ ಏನು ಕೇಳಿದರೂ ಮೊದಲು ಒಂದು ನಿಮಿಷ ಅವನ ಮುಖ ನೋಡುವ ಅಭ್ಯಾಸ; ಗಿರಾಕಿ ಕ್ರಿಶ್ಚಿಯನ್ನರಾದರೆ ಗಂಡಸರನ್ನು ಪೊರ್ಬುಗಳೇ ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವ ರೂಢಿ.

ಪುತ್ತುಬ್ಬ: ಹನ್ನೊಂದು ಕಿಲೋವಾ? ಪೊರ್ಬುಗಳೇ, ನೀವು ಲಾನ್ ಮಾಡುವುದು ಮನೆಯ ಅಂಗಳದಲ್ಲಾ ಅಥವಾ ಕಾಪು ಬೀಚಿನಲ್ಲಾ?

ಮ್ಯಾಥ್ಯೂ: ಅಂಗಳದಲ್ಲೇ. ಲೆಕ್ಕ ಮಾಡಿಯೇ ಬಂದದ್ದು. ಮೂರು ಸಾವಿರದ ಚಿಲ್ಲರೆ ಚದರಡಿ. ಮೀಟರಿಗೆ ಮೂರು ಅಡಿ, ಹಾಗಾಗಿ ಮೂರರಿಂದ ಭಾಗಿಸಿದೆ. ಒಂದು ಚದರ ಮೀಟರಿಗೆ ಹತ್ತು ಗ್ರಾಂ ಅಂತ ಕಂಪೆನಿಯವರೇ ಹೇಳುತ್ತಾರೆ.

ಪುತ್ತುಬ್ಬ: ಮೀಟರಿಗೆ ಮೂರು ಅಡಿ, ಸರಿ. ಅದು ಉದ್ದಕ್ಕೆ. ಅಗಲಕ್ಕೂ ಮೂರು ಅಡಿ ಉಂಟಲ್ವಾ? ಮೂರು ಮೂರಲೇ ಒಂಬತ್ತು ಆಗಬೇಕು, ಮತ್ತೂ ಸ್ವಲ್ಪ ಹೆಚ್ಚು. ನಿಮ್ಮ ಅಂಗಳಕ್ಕೆ ಅಗಲ ಇಲ್ವಾ?

ಮ್ಯಾಥ್ಯೂ: ಉಂಟು.

ಪುತ್ತುಬ್ಬ: ಹಾಗಾದರೆ ಅದನ್ನೂ ಸೇರಿಸಿಕೊಳ್ಳಿ. ಪಾಪ, ಅದೆಂತ ತಪ್ಪು ಮಾಡಿದೆ?

ಮ್ಯಾಥ್ಯೂ ಬೆನ್ನು ತಿರುಗಿಸಿ ಫೋನನ್ನು ಒತ್ತತೊಡಗಿದ. ಒಮ್ಮೆ ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಕಿವಿ ಕೆಂಪಾಯಿತು. ಕೊನೆಗೆ ಮೂರು ಕಿಲೋ ಎಂದು ಬಹಳ ಮೆಲ್ಲಗೆ ಹೇಳಿದ. ಆನಿ ಅಂಗಡಿಯ ಹಂಚಿನ ಮಾಡನ್ನು ನೋಡುತ್ತಾ, ಅಲ್ಲಿದ್ದ ಜೇಡಕ್ಕೆ ಹೇಳುವವಳಂತೆ, ಮೂರು ಸೇರು ಎಂದಳು.

ಮ್ಯಾಥ್ಯೂ: ಕಿಲೋ ಬೇರೆ, ಸೇರು ಬೇರೆ.

ಆನಿ: ಮೂರು ಒಂದೇ ಅಲ್ವಾ?

ಪುತ್ತುಬ್ಬ: ಜಗಳ ಬೇಡ. ಮೂರೂ ಬೇಡ. ಒಂದು ಕಿಲೋ ಧಾರಾಳ ಸಾಕು.

ಮ್ಯಾಥ್ಯೂ: ಅದು ಹೇಗೆ? ಈಗ ತಾನೇ ನೀವೇ ಲೆಕ್ಕ ಹೇಳಿಕೊಟ್ಟದ್ದು.

ಪುತ್ತುಬ್ಬ: ಲೆಕ್ಕ ಬೇರೆ, ಅನುಭವ ಬೇರೆ. ನಲವತ್ತು ವರ್ಷದಿಂದ ಬೀಜ ಮಾರುತ್ತಿದ್ದೇನೆ. ಒಂದು ಕಿಲೋ.

ಆನಿ: ಕಾಕ, ಅಂಗಡಿಯಲ್ಲಿ ಈಗ ಎಷ್ಟು ಉಂಟು?

ಪುತ್ತುಬ್ಬ: ಒಂದು ಕಿಲೋ.

ಪುತ್ತುಬ್ಬಾಕನಿಗೆ ನಾಚಿಕೆಯೇನೂ ಆದಂತಿರಲಿಲ್ಲ.

ಪುತ್ತುಬ್ಬ: ಇದ್ದರೆ ಮೂರು ಬೇಕು, ಇಲ್ಲದಿದ್ದರೆ ಒಂದು ಸಾಕು. ಬೀಜದ ವ್ಯಾಪಾರ ಇರುವುದೇ ಹಾಗೆ. ಮುಂದಿನ ಲೋಡು ಮಳೆ ಹಿಡಿದ ಮೇಲೆ ಬರುತ್ತದೆ, ಆಗ ಬಿತ್ತಿದರೆ ನಿಮ್ಮ ಲಾನ್ ಮೊಂತಿ ಹಬ್ಬಕ್ಕಲ್ಲ, ಕ್ರಿಸ್ಮಸ್ಸಿಗೆ.

ಕ್ರಿಸ್ಮಸ್ ಎಂದ ಕೂಡಲೇ ಮ್ಯಾಥ್ಯೂವಿನ ಮುಖ ಸಪ್ಪಗಾಯಿತು. ಪುತ್ತುಬ್ಬಾಕ ಅದನ್ನು ನೋಡಿ ಕನಿಕರಪಟ್ಟು ಒಂದು ಉಪಾಯ ಹೇಳಿದರು. ಹುಲ್ಲಿನ ಬೀಜ ಎಂದರೆ ಧೂಳು, ಬರೀ ಬೀಜ ಎರಚಿದರೆ ಅರ್ಧ ಗಾಳಿಗೆ ಹೋಗುತ್ತದೆ. ಎರಡು ಸೇರು ಮರಳು, ಅದೇ ಹೊಯಿಗೆ, ಬೆರೆಸಿದರೆ ಸಮನಾಗಿ ಬೀಳುತ್ತದೆ. ಆಗ ಬಾಯಮ್ಮನ ಮೂರು ಸೇರೂ ಆಯಿತು, ಅಂಗಡಿಯ ಒಂದು ಕಿಲೋವೂ ಆಯಿತು.

ಮ್ಯಾಥ್ಯೂ: ನನ್ನ ಹನ್ನೊಂದು?

ಪುತ್ತುಬ್ಬ: ಅದನ್ನು ಕುವೈತಿಗೆ ಕಳಿಸಿ. ಅಲ್ಲಿ ಬೇಕಾದಷ್ಟು ಜಾಗ ಉಂಟಂತೆ.

ಮೊದಲ ಮಳೆ ಬಂದು ನೆಲ ಹದವಾದ ಬೆಳಿಗ್ಗೆ ಮ್ಯಾಥ್ಯೂ ಹಲ್ಲುಜ್ಜಿದವನೇ ಅಂಗಳಕ್ಕಿಳಿದ. ಬೆರಕೆಯ ಕೆಲಸವನ್ನು ಹಿಂದಿನ ಸಂಜೆಯೇ ಆನಿಗೆ ಒಪ್ಪಿಸಿದ್ದ. ಅವಳು ಬಕೆಟ್ ತಂದು ಎದುರಿಗಿಟ್ಟಳು. ಮ್ಯಾಥ್ಯೂ ಕೈಹಾಕಿ ಒಂದು ಹಿಡಿ ತೆಗೆದು ನೋಡಿದ. ಕನ್ನಡಕ ಒಳಗಿತ್ತು.

ಮ್ಯಾಥ್ಯೂ: ಇದೆಂತ ಇಷ್ಟು ದಪ್ಪ ಉಂಟು? ಹೊಯಿಗೆಯಾ?

ಆನಿ: ಹೊಯಿಗೆಗೆ ಈಗ ಪರ್ಮಿಟ್ ಬೇಕು, ಲಾರಿ ಬೇಕು, ಪೊಲೀಸರು ಹಿಡಿದರೆ ಬಿಡಿಸಲಿಕ್ಕೆ ಜನ ಬೇಕು. ಎರಡು ಸೇರು ಹೊಯಿಗೆಗೆ ನಾನು ಎಂ.ಎಲ್.ಎ.ಯ ಮನೆಗೆ ಹೋಗಲಾ? ಪತ್ತಾಯದ ತಳದಲ್ಲಿ ಇದ್ದದ್ದನ್ನು ಹಾಕಿದೆ.

ಮ್ಯಾಥ್ಯೂ: ಜೊಳ್ಳಾ?

ಆನಿ: ಜೊಳ್ಳೋ ಗಟ್ಟಿಯೋ, ನಾಲ್ಕು ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ. ಬೇಗ ಬಿತ್ತಿ, ಮೋಡ ಬಂತು.

ಧಾನ್ಯ ತುಂಬಿಡುವ, ಹಳೆ ಮನೆಯ ಆ ಮರದ ಪತ್ತಾಯ ಈಗ ಹೊಸ ಮನೆಯ ಮಹಡಿ ಮೆಟ್ಟಿಲಿನ ಕೆಳಗಿತ್ತು. ಅದರೊಳಗೆ ಏನಿದೆ ಎಂದು ಮ್ಯಾಥ್ಯೂ ಒಂದು ದಿನವೂ ಇಣುಕಿ ನೋಡಿದವನಲ್ಲ. ಅವನು ಬಕೆಟ್ಟನ್ನು ಎಡಗೈಗೆ ಸಿಕ್ಕಿಸಿಕೊಂಡು ಬಲಗೈಯಿಂದ ಎರಚುತ್ತಾ ಹೋದ. ಕಲಿಸಿದವರಿಲ್ಲದೆ ಕೈ ತಾನಾಗಿ ಅರ್ಧಚಂದ್ರ ಬೀಸತೊಡಗಿತು, ಅವನ ಅಮ್ಮ ಬೀಸುತ್ತಿದ್ದ ಹಾಗೆಯೇ. ಆನಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಸಮಾಧಾನ ಕಂಡು ಬಹಳ ಕಾಲವಾಗಿತ್ತು, ಮ್ಯಾಥ್ಯೂ ಅದನ್ನು ಲಾನಿನ ಮೇಲಿನ ಪ್ರೀತಿ ಎಂದುಕೊಂಡ.

ಹಸಿರು ಬಂತು. ಬಂದದ್ದು ಎಂದರೆ ಎಂಥ ಹಸಿರು. ಮ್ಯಾಥ್ಯೂ ಮೆಟ್ಟಿಲಿನ ಮೇಲೆ ಮಲಗಿ, ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಫೋಟೋ ತೆಗೆದು ಗ್ರೂಪಿಗೆ ಹಾಕಿದ. ಶರೋನ್ ಹೂವು ಕಳಿಸಿದಳು. ಕಾರ್ಲ್ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಒಂದು ಹೆಬ್ಬೆರಳು ಕಳಿಸಿದ. ಅದನ್ನು ಮ್ಯಾಥ್ಯೂ ದಿನವಿಡೀ ತೆರೆದು ತೆರೆದು ನೋಡಿದ.

ಆಮೇಲೆ ಮಳೆ ಜಡಿಯಿತು. ಜೆಸಿಬಿ ಹುಣಿ ಮುರಿದರೂ ಗದ್ದೆ ತನ್ನ ಬುದ್ಧಿ ಬಿಟ್ಟಿರಲಿಲ್ಲ, ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಹುಲ್ಲು ಕೊಳೆಯುತ್ತದೆ ಎಂದು ಮ್ಯಾಥ್ಯೂ ಒದ್ದಾಡಿದ. ಹುಲ್ಲಿಗೆ ಮಾತ್ರ ನೀರೆಂದರೆ ಹಬ್ಬ. ಅದು ಪಾದ ದಾಟಿತು, ಮೀನಖಂಡ ದಾಟಿತು. ಅವನಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ಫೋಟೋ ಕಳಿಸಿ ಹೆಬ್ಬೆರಳು ಪಡೆದ ಮೇಲೆ ಬಂದ ಅನುಮಾನವನ್ನು ಯಾವ ಗಂಡಸು ತಾನೇ ಬಾಯಿಬಿಟ್ಟು ಹೇಳುತ್ತಾನೆ? ಹುಲ್ಲು ಕತ್ತರಿಸುವ ಕರೆಂಟಿನ ಯಂತ್ರವನ್ನು ತರಿಸಿಕೊಂಡ. ನಿಂತ ನೀರಿನಲ್ಲಿ ಕರೆಂಟಿನ ಯಂತ್ರ ಓಡಿಸಿದರೆ ಹುಲ್ಲಿಗಿಂತ ಮೊದಲು ನೀವು ಮಲಗುತ್ತೀರಿ ಎಂದು ಆನಿ ಎಚ್ಚರಿಸಿದಳು. ಯಂತ್ರ ಡಬ್ಬದಲ್ಲೇ ಉಳಿಯಿತು.

ಆಗಸ್ಟಿನಲ್ಲಿ ಹುಲ್ಲು ಮೊಣಕಾಲಿಗೆ ಬಂದಾಗ ಮ್ಯಾಥ್ಯೂ ತಡೆಯಲಾರದೆ ಪುತ್ತುಬ್ಬಾಕನಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಹೇಳಿದ. ಕಾಪುವಿನಲ್ಲಿದ್ದ ಮಗಳು ಉಮೈರಾಳ ಮನೆಗೆ ಹೊರಟಿದ್ದ ಅವರು ದಾರಿಯಲ್ಲಿ ಶಿರ್ವದಲ್ಲಿ ಇಳಿದು, ಛತ್ರಿ ಹಿಡಿದು ಗೇಟಿನೊಳಗೆ ಬಂದರು. ಬಂದವರು ಅಂಗಳ ನೋಡಿ ಅಲ್ಲೇ ನಿಂತುಬಿಟ್ಟರು.

ಮ್ಯಾಥ್ಯೂ: ನೋಡಿ, ನಿಮ್ಮ ಬೀಜ.

ಪುತ್ತುಬ್ಬ: ಇದು ನನ್ನ ಬೀಜವಾದರೆ ನಾಳೆಯೇ ಅಂಗಡಿ ಮುಚ್ಚಿ ಅಕ್ಕಿ ಮಿಲ್ಲು ಇಡುತ್ತೇನೆ.

ಮ್ಯಾಥ್ಯೂ: ಅಂದರೆ?

ಪುತ್ತುಬ್ಬ: ಪೊರ್ಬುಗಳೇ, ನೀವು ಇದೇ ಊರಿನಲ್ಲಿ ಹುಟ್ಟಿದವರಲ್ವಾ? ಇದು ಭತ್ತ.

ಚಹಾದ ಲೋಟ ಹಿಡಿದು ಬಂದ ಆನಿ ಲೋಟವನ್ನು ಮೊದಲು ಪುತ್ತುಬ್ಬಾಕನಿಗೆ ಕೊಟ್ಟಳು. ನಂತರ ಗಂಡನ ಕಡೆ ತಿರುಗಿದಳು.

ಆನಿ: ನಾನೇ ಹಾಕಿದ್ದು. ಕಳೆದ ವರ್ಷದ ಬಿತ್ತನೆಯ ಭತ್ತ ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಪತ್ತಾಯದಲ್ಲಿ ಇಟ್ಟಿದ್ದೆ. ಹೊಯಿಗೆ ಸಿಗಲಿಲ್ಲ, ಅದನ್ನೇ ಹಾಕಿದೆ.

ಮ್ಯಾಥ್ಯೂ: ನನ್ನ ಮಾನ ಹೋಗುವುದು ನಿನಗೆ ಗೊತ್ತಿತ್ತು.

ಆನಿ: ಗೊತ್ತಿತ್ತು. ಜೆಸಿಬಿ ತರುವಾಗ ನನ್ನದು ಹೋಗುವುದು ನಿಮಗೂ ಗೊತ್ತಿತ್ತು.

ಮ್ಯಾಥ್ಯೂ: ಮತ್ತೆ ನನ್ನ ಹುಲ್ಲು?

ಆನಿ: ಈ ನೀರಿನಲ್ಲಿ ಅದು ನಿಲ್ಲುತ್ತದಾ?

ಇಬ್ಬರ ನಡುವೆ ಸಿಕ್ಕಿದ ಪುತ್ತುಬ್ಬಾಕ ಚಹಾವನ್ನು ಬಿಸಿಯಾಗಿಯೇ ನುಂಗಿದರು. ಇನ್ನೂ ಕಾಲ ಮಿಂಚಿಲ್ಲ ಎಂದರು. ಇದನ್ನು ಕತ್ತರಿಸಿ ದನಕ್ಕೆ ಹಾಕಿದರೆ, ಉಡುಪಿಯ ನರ್ಸರಿಯವರು ಬೆಳೆದ ಹುಲ್ಲನ್ನೇ ಚಾಪೆಯಂತೆ ಸುತ್ತಿ ತಂದು, ಒಂದು ಬೆಳಿಗ್ಗೆಯಲ್ಲಿ ಹಾಸಿ ಹೋಗುತ್ತಾರೆ, ದೊಡ್ಡ ದೊಡ್ಡವರೆಲ್ಲ ಮಾಡುವುದು ಹಾಗೆಯೇ ಎಂದರು. ಮ್ಯಾಥ್ಯೂ ಒಳಗೆ ಹೋಗಿ ಕತ್ತಿ ತಂದ. ಆನಿ ತಡೆಯಲಿಲ್ಲ. ತಡೆದರೆ ಹಟಕ್ಕೆ ಬೀಳುವ ಜಾತಿ ಅದು ಎಂದು ಅವಳಿಗೆ ಗೊತ್ತು. ಆದರೆ ಮೆಟ್ಟಿಲು ಬಿಟ್ಟು ಒಳಗೂ ಹೋಗಲಿಲ್ಲ.

ಅವನು ನೀರಿಗಿಳಿದು ಒಂದು ಬುಡವನ್ನು ಹಿಡಿದ. ಕಾಂಡ ದಪ್ಪಗಿತ್ತು, ನಡುವೆ ಉಬ್ಬಿತ್ತು. ಹೆಬ್ಬೆರಳಿನ ಉಗುರಿನಿಂದ ಸೀಳಿ ನೋಡಿದ. ಒಳಗೆ ಎಳೆಯ ಬಿಳಿ ತೆನೆ ಮಲಗಿತ್ತು. ಚಿಕ್ಕವನಿದ್ದಾಗ ಈ ತಿಂಗಳಲ್ಲಿ ಅವನು ಹುಣಿಯ ಮೇಲೆ ಓಡಿದರೆ ಅಮ್ಮ ಬೈಯುತ್ತಿದ್ದಳು. ಮೆಲ್ಲ ಹೋಗು, ಪೈರೆಲ್ಲ ಬಸುರಿಯರು, ಬೆಚ್ಚಿ ಬೀಳುತ್ತಾರೆ ಎನ್ನುತ್ತಿದ್ದಳು. ಮೂವತ್ತು ವರ್ಷ ಆ ಮಾತು ಅವನಿಗೆ ಒಮ್ಮೆಯೂ ನೆನಪಾಗಿರಲಿಲ್ಲ. ಈಗ ಮೊಣಕಾಲಿನವರೆಗೆ ಭತ್ತದ ನಡುವೆ ನಿಂತವನಿಗೆ ಅಮ್ಮನನ್ನು ಈಗಷ್ಟೇ ಕಳಕೊಂಡಷ್ಟು ದುಃಖವಾಯಿತು. ಸೀಳಿದ ಆ ಒಂದು ಕಾಂಡಕ್ಕಾಗಿಯೂ ಪಾಪ ಎನಿಸಿತು. ಕತ್ತಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬುಡ ತುಳಿಯದ ಹಾಗೆ ಕಾಲೆತ್ತಿ ಇಡುತ್ತಾ ಮೇಲೆ ಬಂದ.

ಮ್ಯಾಥ್ಯೂ: ಕತ್ತರಿಸುವುದು ಬೇಡ.

ಆನಿ: ಕಾರ್ಲ್ ಬರುತ್ತಾನಲ್ಲ?

ಮ್ಯಾಥ್ಯೂ: ಬರಲಿ. ಸೋತೆ ಅಂತ ಹೇಳುವ. ಬಾಯಿ ಮುಚ್ಚಿಕೊಂಡು ಇದ್ದರೆ ಆಯ್ತಲ್ಲ. ಜನ ಬದುಕುವುದಿಲ್ವಾ?

ಆನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂತೋಷವೇ ಅದು. ಅದರಲ್ಲಿ ತೆನೆಯ ಪಾಲು ಎಷ್ಟು, ಇನ್ನು ಜನ್ಮದಲ್ಲಿ ಕುವೈತಿನ ಕತೆ ಕೇಳಬೇಕಿಲ್ಲ ಎಂಬುದರ ಪಾಲು ಎಷ್ಟು ಎಂದು ಕೇಳಿದರೆ ಅವಳು ಹೇಳುವವಳಲ್ಲ. ಆ ರಾತ್ರಿ ಮೀನಿನ ಸಾರಿಗೆ ಉಪ್ಪು ಹುಳಿ ಖಾರ ಎಲ್ಲವೂ ಹದವಾಗಿ ಬಿದ್ದಿತ್ತು.

ಮೊಂತಿ ಹಬ್ಬದ ಬೆಳಿಗ್ಗೆ ಆನಿ ತೆನೆಯ ಕಟ್ಟನ್ನು ತಲೆಯ ಮೇಲೆ ಹೊತ್ತು ನಡೆದೇ ಇಗರ್ಜಿಗೆ ಹೋದಳು. ಮ್ಯಾಥ್ಯೂ ಹಿಂದಿನಿಂದ ಛತ್ರಿ ಹಿಡಿದ. ಮಕ್ಕಳು ಹೂವು ಎರಚಿದರು, ಪಾದ್ರಿಗಳು ತೆನೆಯನ್ನು ಆಶೀರ್ವದಿಸಿದರು, ಮನೆಗೊಂದರಂತೆ ಹಂಚಿದರು. ಈ ವರ್ಷ ನಮ್ಮದೇ ನೆಲದ ತೆನೆ ಎಂದು ಮೈಕಿನಲ್ಲಿ ಹೇಳಿ, ಅಂಗಳದಲ್ಲಿ ಭತ್ತ ಬೆಳೆದದ್ದು ಹೇಗೆ ಎಂದು ಎರಡು ಮಾತು ಹೇಳಲು ಮ್ಯಾಥ್ಯೂವನ್ನು ಕರೆದರು. ಊರವರು ಬೆಂಚಿನಲ್ಲಿ ಹಿಂದಕ್ಕೆ ಒರಗಿ ಸರಿಯಾಗಿ ಕೂತರು, ಇನ್ನು ಊಟಕ್ಕೆ ತಡವಾಯಿತೆಂದೇ ಲೆಕ್ಕ. ಮ್ಯಾಥ್ಯೂ ಮೈಕು ಹಿಡಿದ, ಬಾಯಿ ತೆರೆದ, ಎರಡನೆಯ ಸಾಲಿನಲ್ಲಿ ಕೂತ ಕಾರ್ಲನನ್ನು ಕಂಡ.

ಮ್ಯಾಥ್ಯೂ: ಮೂರು ಸೇರು ಬಿತ್ತಿದೆ. ಬಂತು.

ಅಷ್ಟೇ ಹೇಳಿ ಇಳಿದ. ಆ ಇಗರ್ಜಿಯಲ್ಲಿ ಇಷ್ಟು ಜೋರಾಗಿ ಯಾರ ಭಾಷಣಕ್ಕೂ ಚಪ್ಪಾಳೆ ಬಿದ್ದಿರಲಿಲ್ಲ.

ಮಧ್ಯಾಹ್ನ ಕಾರ್ಲ್, ಶರೋನ್ ಊಟಕ್ಕೆ ಬಂದರು. ಕಾರ್ಲ್ ಗೇಟಿನಲ್ಲೇ ನಿಂತು ತೂಗುವ ಭತ್ತವನ್ನು ನೋಡಿದ, ಫೋನಿನಲ್ಲಿದ್ದ ಹಳೆಯ ಫೋಟೋ ನೋಡಿದ, ಮ್ಯಾಥ್ಯೂವಿನ ಮುಖ ನೋಡಿದ.

ಕಾರ್ಲ್: ತೆನೆ ಭಾರಿ ಚೆಂದ ಉಂಟು. ಲಾನ್ ಎಲ್ಲಿ?

ಮ್ಯಾಥ್ಯೂ: ಇಲ್ಲ. ನಾನು ಸೋತೆ.

ಕಾರ್ಲ್: ಹಾಗಾದರೆ ಇವತ್ತಿನಿಂದ ಆ ಶಬ್ದ ಇಲ್ಲ?

ಮ್ಯಾಥ್ಯೂ: ಇಲ್ಲ.

ಬಾಳೆಲೆ ಹಾಕಿ ಎಲ್ಲರೂ ಕೂತರು. ಹೊಸ ತೆನೆಯ ಅಕ್ಕಿ ಸುಲಿದು ಹಾಕಿದ ಪಾಯಸ, ಕೆಸುವಿನ ದಂಟು, ಹೀರೆಕಾಯಿ, ಬೆಂಡೆ, ಹಬ್ಬದ ನಿಯಮದಂತೆ ಎಲ್ಲವೂ ತರಕಾರಿಯೇ. ಈ ಸಲ ಸೆಖೆ ಜಾಸ್ತಿ ಎಂದಳು ಶರೋನ್. ಮ್ಯಾಥ್ಯೂವಿನ ಬಾಯಿ ತೆರೆಯಿತು, ಮುಚ್ಚಿತು. ರಸ್ತೆಯ ಗುಂಡಿಯ ಬಗ್ಗೆ ಕಾರ್ಲ್ ಬೇಕೆಂದೇ ಮಾತು ತೆಗೆದ. ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಹಣೆಯಲ್ಲಿ ಬೆವರು ಮೂಡಿತು. ಆನಿ ಗಂಡನ ಎಲೆಗೆ ಕೇಳದೆಯೇ ಪಾಯಸ ಬಡಿಸಿದಳು, ಇನ್ನೊಮ್ಮೆ ಬಡಿಸಿದಳು. ಮದುವೆಯಾದಂದಿನಿಂದ ಇಷ್ಟು ಶಾಂತವಾದ ಊಟವನ್ನು ಅವಳು ಕಂಡಿರಲಿಲ್ಲ.

ಊಟವಾದ ಮೇಲೆ ಕಾರ್ಲ್ ಕಾಣಲಿಲ್ಲ. ಶರೋನಳ ಕಣ್ಣು ತಪ್ಪಿಸಿ ಸಿಗರೇಟು ಸೇದಲು ಮನೆಯ ಹಿಂದಕ್ಕೆ ಹೋಗಿದ್ದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಮ್ಯಾಥ್ಯೂವನ್ನು ಕೂಗಿದ. ದನಿಯಲ್ಲಿ ಏನೋ ಬೇರೆ ಇತ್ತು. ಮ್ಯಾಥ್ಯೂ ಹುಂಜದ ಭಯವನ್ನೂ ಮರೆತು ಓಡಿದ. ಹಿಂದೆ ಶರೋನ್, ಅವಳ ಹಿಂದೆ ಬೇಡ ಬೇಡ ಎನ್ನುತ್ತಾ ಆನಿ.

ಕೋಳಿಗೂಡಿನ ಆಚೆ ದರೆಯ ಇಳಿಜಾರಿನಲ್ಲಿ ಕಾರ್ಲ್ ಮೊಣಕಾಲೂರಿ ಕೂತಿದ್ದ. ಸಿಗರೇಟು ಬೆರಳಿನಲ್ಲೇ ಬೂದಿಯಾಗಿತ್ತು. ಅವನ ಸುತ್ತ ಗೂಡಿನಿಂದ ದರೆಯ ಅಂಚಿನವರೆಗೆ ಹಸಿರು ಹುಲ್ಲು, ದಟ್ಟವಾಗಿ, ಸಮನಾಗಿ, ಬೆರಳುದ್ದಕ್ಕೆ ಕತ್ತರಿಸಿಟ್ಟ ಹಾಗೆ ಹಾಸಿತ್ತು. ಅದರ ಮೇಲೆ ಹುಂಜ ಯಜಮಾನನಂತೆ ತಿರುಗುತ್ತಿತ್ತು.

ಕಾರ್ಲ್: ಇದು ನನ್ನದಕ್ಕಿಂತ ಚೆನ್ನಾಗಿ ಉಂಟು ಮಾರಾಯ. ಇಷ್ಟು ಸಮ ಯಾರು ಕತ್ತರಿಸುವುದು?

ಒಂದು ಹೇಂಟೆ ಬಂದು ಉದ್ದವಾಗಿದ್ದ ನಾಲ್ಕು ಎಸಳನ್ನು ಕುಕ್ಕಿ ಮಟ್ಟ ಮಾಡಿ ಹೋಯಿತು. ಮ್ಯಾಥ್ಯೂ ಹೆಂಡತಿಯ ಕಡೆ ತಿರುಗಿದ.

ಮ್ಯಾಥ್ಯೂ: ಆನಿ, ಆ ಒಂದು ಕಿಲೋ ಬೀಜವನ್ನು ನೀನು ಬೆರೆಸಿದ್ದೆಯಲ್ಲ?

ಆನಿ: ಬೆರೆಸಿದೆ ಅಂತ ನಾನು ಯಾವತ್ತು ಹೇಳಿದೆ? ಭತ್ತದ ಜೊತೆಗೆ ತಾನಾಗಿ ಕಳೆ ಬಿತ್ತುವ ಹೆಂಗಸು ಈ ಊರಿನಲ್ಲಿ ಇದ್ದಾಳಾ? ಬಕೆಟಿನಲ್ಲಿ ಇದ್ದದ್ದು ಮೂರು ಸೇರೂ ಭತ್ತವೇ. ನಿಮ್ಮ ಬೀಜ ಹಾಳಾಗಬಾರದಲ್ಲ ಅಂತ ಕೋಳಿಗಳಿಗೆ ಹಾಕಿದೆ.

ಮ್ಯಾಥ್ಯೂ: ಕೋಳಿಗಳಿಗೆ.

ಆನಿ: ತಿಂದು ಮುಗಿಸುತ್ತವೆ ಅಂತ ಮಾಡಿದ್ದೆ. ಹಾಳಾದವು ಅರ್ಧ ತಿಂದವು, ಅರ್ಧ ಕೆದರಿ ಬಿತ್ತಿದವು. ಗೊಬ್ಬರವನ್ನೂ ಅವೇ ಹಾಕಿದವು.

ಕಾರ್ಲ್ ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಹಟವಾದಿಯಾದರೂ ಅನ್ಯಾಯದ ಮನುಷ್ಯನಲ್ಲ ಅವನು. ಮೊಂತಿ ಹಬ್ಬದ ದಿನ ಮನೆಯಲ್ಲಿ ಲಾನ್ ಇರಬೇಕು ಎಂದಷ್ಟೇ ಪಣವಿತ್ತು, ಮನೆಯ ಮುಂದೆಯೋ ಹಿಂದೆಯೋ ಎಂಬ ಮಾತಿರಲಿಲ್ಲ, ಬಿತ್ತುವವರು ಮನುಷ್ಯರೇ ಆಗಬೇಕೆಂದೂ ಇರಲಿಲ್ಲ ಎಂದು ಒಪ್ಪಿಕೊಂಡ. ನೀನು ಗೆದ್ದೆ ಎಂದು ಮ್ಯಾಥ್ಯೂವಿನ ಕೈ ಕುಲುಕಿದ.

ಮ್ಯಾಥ್ಯೂವಿನ ಎದೆ ಉಬ್ಬಿತು. ಬೆಳಗಿನಿಂದ ತಡೆದಿಟ್ಟ ಮಾತೆಲ್ಲ ಒಟ್ಟಿಗೆ ಮೇಲೆ ಬಂತು. ಅವನು ಹುಲ್ಲಿನ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

ಮ್ಯಾಥ್ಯೂ: ಕುವೈತಿನಲ್ಲಿ ಒಮ್ಮೆ ಎಂತ ಆಯ್ತು ಗೊತ್ತುಂಟಾ ಕಾರ್ಲ್...

ಕತೆ ಉದ್ದಕ್ಕೆ ಹೊರಟಿತು. ಆನಿ ಗೂಡಿನ ಬಾಗಿಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೋಳಿಗಳನ್ನು ಒಂದೊಂದಾಗಿ ಒಳಗೆ ಅಟ್ಟತೊಡಗಿದಳು. ಹುಂಜ ಕೊನೆಗೆ ಬಂತು. ಅದರ ಕುತ್ತಿಗೆ ಹಿಡಿದು ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಹೇಳಿದಳು.

ಆನಿ: ಇವತ್ತು ಹಬ್ಬ, ಮಾಂಸ ಮುಟ್ಟುವ ಹಾಗಿಲ್ಲ. ನಾಳೆ ಉಂಟು ನಿನಗೆ.